ಕಾಸಿದ ತೀರ್ಥ

ತಾಯಿ ಎಲ್ಲಮ್ಮನನ್ನು ನಂಬಿದ ಅಕ್ಕತಂಗಿಯರೇ, ಆಕೆ ಕೊಟ್ಟದ್ದರ ಜೊತೆಗೆ ನಾವು ಕಳೆದುಕೊಂಡದ್ದನ್ನೂ ಬರೆಯುತ್ತೇನೆ. ಬರೀ ಸಿಹಿ ಬರೆದರೆ ಆಕೆಗೇ ಸುಳ್ಳು ಹೇಳಿದಂತೆ.

ನಮ್ಮೂರು ಐನಾಪುರ. ಕಳೆದ ಮಳೆಗಾಲದಲ್ಲಿ, ಇನ್ನೂ ಎರಡು ವರ್ಷ ತುಂಬದ ನನ್ನ ಮಗ ಸಂಜುಗೆ ಮೂರನೇ ಸಲ ವಾಂತಿಭೇದಿ ಹಿಡಿಯಿತು. ಮೊದಲ ಸಲದ ಖರ್ಚಿಗೆ ನನ್ನ ಕಿವಿಯೋಲೆಗಳು ಹೋಗಿದ್ದವು. ಎರಡನೇ ಸಲಕ್ಕೆ ಹಿಂಡುವ ಎಮ್ಮೆಯನ್ನು ಅಥಣಿ ಸಂತೆಯಲ್ಲಿ ಮಾರಿದೆವು. ಡೇರಿಗೆ ಹಾಲು ಹಾಕುತ್ತಿದ್ದವರು ಮಗುವಿಗೇ ಹಾಲು ಕೊಳ್ಳುವಂತಾಯಿತು. ಈ ಸಲ ಮಾರಲು ಏನೂ ಇರಲಿಲ್ಲ. ಯಜಮಾನರು ದ್ರಾಕ್ಷಿ ತೋಟದ ಕೂಲಿ ಬಿಟ್ಟು ಬಂದರು. ಅಥಣಿಗೆ ಹೋಗುವ ಬಸ್ಸಿನಲ್ಲಿ ಸಂಜು ಅತ್ತರೂ ಕಣ್ಣೀರು ಬರುತ್ತಿರಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಇಂಥವೇ ಮಕ್ಕಳು, ಒಂದು ಮಂಚಕ್ಕೆ ಇಬ್ಬರು. ನಮ್ಮ ಮಂಚದಲ್ಲಿ ಕುಡಚಿಯ ರುಬೀನಾಳ ಮಗು.

"ಯಾವ ನೀರು ಕುಡಸ್ತೀರಿ?" ಎಂದರು ಡಾಕ್ಟರು.

"ಕಾಸಿ ಆರಿಸಿದ್ದು ರೀ," ಎಂದೆ. ನಿಜವನ್ನೇ ಹೇಳಿದ್ದೆ.

ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ತಾಯಿ, ಎಲ್ಲಿ ಎಡವುತ್ತಿದ್ದೇವೆ ತೋರಿಸು ಎಂದು ಬೇಡಿದೆ.

ಒಳಗೆ ಬಂದಾಗ, ನಮ್ಮ ಜೊತೆ ಬಂದಿದ್ದ ಅತ್ತೆಯವರು ಬಾಟಲಿಯಿಂದ ಸಂಜುಗೆ ತೀರ್ಥ ಹಾಕಲು ಹೊರಟಿದ್ದರು. ಪ್ರತಿ ಅಮಾವಾಸ್ಯೆಗೆ ಕೃಷ್ಣೆಯಲ್ಲಿ ಮಿಂದು ಕೊಡ ತುಂಬಿ ತಂದು ದೇವಿಯ ಮುಂದಿಡುವುದು, ದಿನಾ ಪೂಜೆಯಾದ ಮೇಲೆ ಮೊದಲ ಚಮಚ ಮಗುವಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಮಗು ಕಾಯಿಲೆ ಬಿದ್ದು ಮಲಗಿದರೆ ಇನ್ನಷ್ಟು ಕೊಡುತ್ತಿದ್ದೆವು.

ರುಬೀನಾ ಕೈ ಅಡ್ಡ ಹಿಡಿದಳು. "ಏನ್ರಿ ಅದು?"

"ಹೊಳಿ ತೀರ್ಥ ಐತವ್ವಾ."

"ಕಾಸೀರೇನ್ರಿ?"

"ತೀರ್ಥಾನ ಯಾರರ ಕಾಸ್ತಾರೇನ?"

"ನಮ್ಮ ಮನಿ ಹೊಳಿ ದಂಡಿಮ್ಯಾಗ ಐತ್ರಿ ಅಮ್ಮಾ. ಗಟಾರೆಲ್ಲಾ ಅದಕ್ಕ ಕೂಡತಾವ. ಹಸಿ ನೀರು ಕುಡದ ನನ್ನ ಹಿರೇ ಮಗಳು ಹಿಂಗ ಹೋತ್ರಿ."

ತೀರ್ಥವನ್ನು ನಾವು ಯಾರೂ ನೀರೆಂದುಕೊಂಡಿರಲಿಲ್ಲ. ಅತ್ತೆಯವರು ಬಾಟಲಿ ಹಿಡಿದು ಹೊರಗೆ ಹೋಗಿ, ತುಳಿಯುವ ಜಾಗದಲ್ಲಿ ಚೆಲ್ಲಬಾರದೆಂದು ಬೇವಿನ ಮರದ ಬುಡಕ್ಕೆ ಅದನ್ನು ಸುರಿದು ಬಂದರು.

ಸಂಜು ಉಳಿದ. ಮುಂದಿನ ಅಮಾವಾಸ್ಯೆಗೆ ಹೊಳೆಯಿಂದ ತಂದ ನೀರನ್ನು ಅತ್ತೆಯವರೇ ಒಲೆಯ ಮೇಲಿಟ್ಟರು. ದೇವಿ ಸಿಟ್ಟಾದಾಳೇನೋ ಎಂದು ನಾನು ಅಂಜಿದೆ.

"ಆಕಿನೂ ಮಕ್ಕಳನ್ನ ಹಡದಾಕಿ ಅದಾಳ," ಎಂದರು.

ಕೊಟ್ಟಿಗೆ ಇಂದಿಗೂ ಖಾಲಿ. ಆದರೂ ಆ ತಾಯಿ ನನ್ನ ಮೊರೆ ಕೇಳಿದಳು, ಅನುಮಾನವಿಲ್ಲ. ರುಬೀನಾಳ ಬಾಯಿಂದ ಉತ್ತರ ಕೊಟ್ಟಳು. ಅವಳು ಆ ಮಾತು ಹೇಳಿದ ದಿನವೇ ಸಂಜೆ ಅವಳ ಮಗುವನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕಳಿಸಿದ್ದರು. ಮುಂದೇನಾಯಿತೋ ತಿಳಿಯದು, ಗಡಿಬಿಡಿಯಲ್ಲಿ ಫೋನ್ ನಂಬರನ್ನೂ ಕೇಳಲಿಲ್ಲ. ಈಗ ದಿನಾ ಕಾಸಿದ ತೀರ್ಥದ ಮೊದಲ ಚಮಚ ಸಂಜುಗೆ. ಎರಡನೆಯದನ್ನು ಆ ಕೂಸಿನ ಹೆಸರಿನಲ್ಲಿ ತುಳಸಿಗೆ ಹಾಕುತ್ತೇನೆ.