ಹಳದಿ ಪೈಜಾಮದ ಅಂಚು

ಅಮೆರಿಕದ ಓಕ್ಲೆಂಡಿನಲ್ಲಿ ಕೆರಿಬಿಯನ್ ಕಾರ್ನಿವಲ್‌ನ ವೇಷಗಳ ಫೋಟೋ ತೆಗೆಯಲು ತಂಗಿ ಸುಮಾಳ ಜೊತೆ ಬಂದಿದ್ದೆ. ಅವಳ ಪರಿಚಯದ ಟ್ರಿನಿಡಾಡಿನ ಅಜ್ಜಿಯೊಬ್ಬರು ಮಹಡಿ ಮನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಮೊಮ್ಮಗಳು ಮೊದಲ ಸಲ ಆಳೆತ್ತರದ ಮರಗಾಲು ಕಟ್ಟಿಕೊಂಡು ಮೆರವಣಿಗೆಗೆ ಹೊರಟಿದ್ದಳು. ಆ ಮರಗಾಲು ಮುಚ್ಚುವ ಉದ್ದನೆಯ ಹಳದಿ ಪೈಜಾಮ ಅಜ್ಜಿಯದೇ ಹೊಲಿಗೆ.

ನಾವು ಅಜ್ಜಿಯ ಬಳಿ ಕೂತಿದ್ದಾಗ ಇದ್ದಕ್ಕಿದ್ದಂತೆ ಮಹಡಿಯ ಕಿಟಕಿಯಲ್ಲಿ ಹುಡುಗಿಯ ಮುಖ ಕಾಣಿಸಿತು. ಬೀದಿಯಲ್ಲೇ ನಿಂತು, ಕಿಟಕಿಗೆ ಮೊಣಕೈ ಊರಿ ನಗುತ್ತಿದ್ದಳು. ನಾನು ಕ್ಯಾಮೆರಾ ಎತ್ತಿದೆ.

“ಮುಖ ಆಮೇಲೆ ಮಗಳೇ, ಮೊದಲು ಕೆಳಗಿಳಿದು ಪೈಜಾಮದ ಅಂಚಿನ ಫೋಟೋ ತಾ,” ಎಂದರು ಅಜ್ಜಿ ಇಂಗ್ಲಿಷಿನಲ್ಲಿ. “ನೆಲಕ್ಕೆ ತಾಗಿದರೆ ತುಳಿದು ಬೀಳ್ತಾಳೆ.”

ತೆಗೆದು ತಂದೆ. ಎಡಗಾಲಿನ ಅಂಚು ನೆಲ ಗುಡಿಸುತ್ತಿತ್ತು. ಅಜ್ಜಿ ನನ್ನ ಕೈಗೆ ಸೂಜಿದಾರ ಕೊಟ್ಟರು.

ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಂಚು ಮಡಚಿ ಹೊಲಿದೆ. “ಒತ್ತಾಗಿ ಹಾಕು!” ಎಂದು ಮೇಲಿಂದ ಅಜ್ಜಿ ಕೂಗುತ್ತಲೇ ಇದ್ದರು. ಸುಮಾ ನನ್ನ ಕ್ಯಾಮೆರಾ ಕಿತ್ತುಕೊಂಡು, “ಫೋಟೋಗ್ರಾಫರು ಅಂತ ಕರ್ಕೊಂಡ್ ಬಂದ್ರೆ ಟೈಲರ್ ಆಗ್ಬಿಟ್ಯಲ್ಲೇ ಅಕ್ಕಾ!” ಎಂದು ಕ್ಲಿಕ್ಕಿಸಿದಳು.

ದಾರವನ್ನು ಹಲ್ಲಿನಲ್ಲಿ ಕಡಿದು, ಹೋಗೆಂದು ಕೈ ಬೀಸಿದೆ. ಡೋಲಿನ ಸದ್ದಿಗೆ ಹಳದಿ ಕಾಲೊಂದು ನನ್ನ ತಲೆಯ ಮೇಲಿಂದ ದಾಟಿ, ಕುಣಿಯುತ್ತಾ ಹೊರಟುಹೋಯಿತು.