ಮುನಿಗಂಗಪ್ಪ ಮೇಷ್ಟ್ರ ಹಾಜರಿ ಪುಸ್ತಕ

ಮುನಿಗಂಗಪ್ಪ ಮೇಷ್ಟ್ರು ಹೆದರುಪುಕ್ಕಲು ಮನುಷ್ಯ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ, ಊರಿಗೆಲ್ಲ ಗೊತ್ತಿದ್ದ ವಿಷಯ. ಹುಟ್ಟಿದ್ದು ಚಿಂತಾಮಣಿ ಕಡೆ. ಲೋಯರ್ ಸೆಕೆಂಡರಿ ಪಾಸು ಮಾಡಿ, ಟ್ರೈನಿಂಗ್ ಮುಗಿಸಿ, ಶಿಡ್ಲಘಟ್ಟದಿಂದ ನಾಲ್ಕು ಮೈಲಿಯ ಮಲ್ಲೇಕುಂಟೆಗೆ ಒಬ್ಬನೇ ಮೇಷ್ಟ್ರಾಗಿ ಬಂದಾಗ ಇಪ್ಪತ್ತಾರು ವರ್ಷ. ಒಂದು ಕೋಣೆ, ನಾಲ್ಕು ತರಗತಿ, ಮೂವತ್ತೊಂದು ಮಕ್ಕಳು. ಆ ಕೋಣೆಯೂ ಸರ್ಕಾರದ್ದಲ್ಲ, ಪಟೇಲ್ ಆವಲಪ್ಪನವರದು. ಪಟೇಲರು ಕೆಮ್ಮಿದರೆ ಮೇಷ್ಟ್ರು ಎದ್ದು ನಿಲ್ಲುತ್ತಿದ್ದರು. ಸುಮ್ಮನೆ ದಾರಿಯಲ್ಲಿ ಹೋಗುವವನ ಸೈಕಲ್ ಗಂಟೆ ಕೇಳಿದರೂ ಇನ್‌ಸ್ಪೆಕ್ಟರು ಬಂದರೆಂದು ಅಂಗೈ ಬೆವರುತ್ತಿತ್ತು.

ಅವರ ಹೆದರಿಕೆಗಳಿಗೆಲ್ಲ ತಾಯಿಬೇರು ಹಾಜರಿ ಪುಸ್ತಕ. ಮಲ್ಲೇಕುಂಟೆಯಲ್ಲಿ ಮನೆಮನೆಗೂ ರೇಷ್ಮೆ ಹುಳು. ವರ್ಷಕ್ಕೆ ಐದು ಬೆಳೆ. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವ ತಿನ್ನಾಟಕ್ಕೆ ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕಿತ್ತರೂ ಸಾಲದು. ಆ ಎಂಟು ಹತ್ತು ದಿನ ಶಾಲೆಗೆ ಯಾರು ಬರುತ್ತಾರೆ? ಇತ್ತ ಸರಾಸರಿ ಹಾಜರಿ ಇಪ್ಪತ್ತಕ್ಕಿಂತ ಕೆಳಗಿಳಿದರೆ ಶಾಲೆಯನ್ನೇ ಎತ್ತಿಬಿಡುತ್ತಾರೆಂದು ಯಾರೋ ಮೇಷ್ಟ್ರ ಕಿವಿಗೆ ಊದಿದ್ದರು. ಮೇಷ್ಟ್ರು ಏನು ಮಾಡಿದರು? ಬೆಳೆ ದಿನಗಳಲ್ಲಿ ಬಾರದ ಮಕ್ಕಳಿಗೂ ಹಾಜರಿ ಹಾಕಿದರು. ಒಂದು ಸಲ ಹಾಕಿದ್ದಾಯಿತು, ಬಿಡಲಾಗಲಿಲ್ಲ. ಆರು ವರ್ಷ ಹಾಕಿದರು.

ಅರವತ್ತೊಂದನೇ ಇಸವಿಯ ಕೊನೆಯಲ್ಲಿ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಬುದ್ಧಿವಂತ ಮಕ್ಕಳಿಗೆ ಊಟ ವಸತಿ ಕೊಟ್ಟು ಓದಿಸುವ ಶಾಲೆಯೊಂದಿದೆ. ನಾಲ್ಕನೇ ತರಗತಿಯಿಂದ ಒಂದು ಹೆಸರು ಕಳಿಸಿ. ಆ ಮಗುವಿಗೆ ವರ್ಷದಲ್ಲಿ ಮುಕ್ಕಾಲು ಪಾಲು ಹಾಜರಿ ಇರಬೇಕು. ಯಾವ ಪುಣ್ಯಾತ್ಮ ಆ ಷರತ್ತು ಬರೆದನೋ! ಸೊಪ್ಪಿನ ಮಂಕರಿ ಹೊತ್ತು ಗೊತ್ತಿದ್ದವನಾಗಿದ್ದರೆ ಬರೆಯುತ್ತಿರಲಿಲ್ಲ.

ಯಾವ ಹೆಸರು ಕಳಿಸಬೇಕೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಮೂಲೆಯಲ್ಲಿ ಕೂರುವ ಲಕ್ಷ್ಮೀನರಸಮ್ಮ. ಹತ್ತು ವರ್ಷ, ತಾಯಿಯಿಲ್ಲ, ಅಜ್ಜಿ ಪೆದ್ದಮ್ಮನ ಜೊತೆ ಹುಳು ಮೇಯಿಸುವ ಹುಡುಗಿ. ಮನೆಮಾತು ತೆಲುಗು. ಕನ್ನಡ ಓದಿದರೂ ತೆಲುಗಿನ ರಾಗ. ತಿಂಗಳಲ್ಲಿ ಅರ್ಧದಷ್ಟು ದಿನಗಳು ಬಂದರೆ ಹೆಚ್ಚು. ಆದರೆ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳ ಸ್ಲೇಟು ತುಂಬಿರುತ್ತಿತ್ತು. ಕೈಗೆ ಬರೆದು ಅಭ್ಯಾಸವಿಲ್ಲ, ಅಕ್ಷರ ಕೋಳಿ ಕೆದರಿದಂತೆ.

ಮೇಷ್ಟ್ರು ಕಳಿಸಿದ ಹೆಸರು ಮಾತ್ರ ಪಟೇಲರ ಮಗ ಮುನಿಶಾಮಿಯದು. ಕೈ ತಾನಾಗಿ ಬರೆಯಿತು.

ಜನವರಿಯಲ್ಲಿ ಊರಿಗೆ ಊರೇ ನಾಲ್ಕನೇ ಜ್ವರ ಮುಗಿಸಿ ಸೊಪ್ಪಿನಲ್ಲಿ ಮುಳುಗಿದ್ದ ಒಂದು ಬೆಳಗ್ಗೆ, ಇನ್‌ಸ್ಪೆಕ್ಟರ್ ವೆಂಕಟರಾಯಪ್ಪನವರು ಹೇಳದೆ ಕೇಳದೆ ಬಂದಿಳಿದರು. ಶಾಲೆಯಲ್ಲಿದ್ದದ್ದು ಐದು ಮಕ್ಕಳು. ಮೇಜಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ಇಪ್ಪತ್ತೆಂಟು.

ಇನ್‌ಸ್ಪೆಕ್ಟರು ಪುಸ್ತಕ ನೋಡಿದರು, ಚಾಪೆ ನೋಡಿದರು, ಮೇಷ್ಟ್ರನ್ನು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, "ನೀವು ಹೆಸರು ಕಳಿಸಿದ ಮಗು ಯಾವುದು?" ಎಂದರು.

ಪಟೇಲರ ಮಗ ಎದ್ದು ನಿಂತ. ಎಣ್ಣೆ ಹಾಕಿ ಬಾಚಿದ ತಲೆ.

"ಈ ವಾರದಲ್ಲಿ ನೋಡಿದ ಒಂಬತ್ತು ಊರಲ್ಲೂ ಪಟೇಲರ ಮಗನೇ ಬುದ್ಧಿವಂತ ಕಣ್ರೀ ಮೇಷ್ಟ್ರೇ. ಇಲ್ದಿದ್ರೆ ಶ್ಯಾನುಭೋಗರ ಮಗ. ಏನು ವಿಚಿತ್ರ!" ಎಂದು ಇನ್‌ಸ್ಪೆಕ್ಟರು ನಕ್ಕು, ಹುಡುಗನತ್ತ ತಿರುಗಿದರು. "ಏನಪ್ಪಾ, ಈ ಶಾಲೇಲಿ ಲೆಕ್ಕ ಯಾರು ಚೆನ್ನಾಗಿ ಮಾಡ್ತಾರೆ?"

"ನರಸಮ್ಮ ಸಾರ್!" ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. "ನಂದೂ ಅವಳೇ ಮಾಡಿಕೊಡ್ತಾಳೆ."

ಉಳಿದ ನಾಲ್ವರು ಕಿಸಕ್ಕನೆ ನಕ್ಕರು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಲ್ಲಿ ನರಸಮ್ಮ?" ಇನ್‌ಸ್ಪೆಕ್ಟರು ಪುಸ್ತಕ ಬಿಡಿಸಿದರು. "ಹಾಜರಿದ್ದಾಳಲ್ಲ, ಇಲ್ಲಿ!"

"ಮನೇಲವಳೆ ಸ್ವಾಮಿ," ಎಂದರು ಮೇಷ್ಟ್ರು.

"ಹಾಗಾದ್ರೆ ನಡೀರಿ ಮನೆಗೇ ಹೋಗಣ."

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲಿತ್ತು. ದೊಡ್ಡ ಹುಳು ಮೇಯುವ ಮನೆಗೆ ಹೊರಗಿನವರು ಕಾಲಿಡಬಾರದು. ದೃಷ್ಟಿಯೋ ರೋಗವೋ, ಏನಾದರೂ ತಗುಲಿದರೆ ಒಂದೇ ದಿನದಲ್ಲಿ ಬೆಳೆ ಕಪ್ಪಾಗುತ್ತದೆ. ಒಳಗಿನಿಂದ ಹುಳು ಸೊಪ್ಪು ಮೇಯುವ ಸದ್ದು ಜಡಿಮಳೆಯಂತೆ ಕೇಳುತ್ತಿತ್ತು. ಇನ್‌ಸ್ಪೆಕ್ಟರು ಬೂಟು ಬಿಚ್ಚಲು ಬಗ್ಗಿದ್ದೇ ತಡ, ಪೆದ್ದಮ್ಮ ಕುಡುಗೋಲು ಹಿಡಿದೇ ಬಂದಳು.

"ಎವರಯ್ಯಾ ನುವ್ವು? ಲೋಪಲಿಕಿ ರಾವದ್ದು!" ಯಾರಯ್ಯಾ ನೀನು, ಒಳಗೆ ಬರಬೇಡ ಎಂದು ತೆಲುಗಿನಲ್ಲೇ ಗದರಿದಳು.

"ಪೆದ್ದಮ್ಮಾ, ಇನ್‌ಸ್ಪೆಕ್ಟರು ಕಣಮ್ಮ, ದೊಡ್ಡ ಸಾಹೇಬರು," ಮೇಷ್ಟ್ರು ಕೈ ಮುಗಿದೇಬಿಟ್ಟರು.

"ಸಾಯೇಬ್ರಾದ್ರೆ? ನನ್ನ ಹುಳಾನ ಅವರು ಮೇಯಿಸ್ತಾರಾ? ನಿನ್ನೆ ಯಾವ ಊರಲ್ಲಿ ಓಡಾಡಿದ್ರೋ, ಯಾವ ಸತ್ತ ಹುಳ ತುಳಿದ್ರೋ. ಆ ಕಡೆ ಜಗುಲಿ ಮೇಲೆ ಕೂತ್ಕೊಳ್ಳಿ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇನ್ನು ಕೆಲಸ ಹೋದಂತೆಯೇ. ಕಣ್ಣು ಬಿಟ್ಟಾಗ ಇನ್‌ಸ್ಪೆಕ್ಟರು ಜಗುಲಿಯ ಮೇಲೆ ಕೂತಿದ್ದರು.

"ಆಗ್ಲಮ್ಮ. ನಿಮ್ಮ ಮೊಮ್ಮಗಳು ಒಳಗಿಂದಾನೇ ಉತ್ತರ ಹೇಳ್ಲಿ."

ಒಳಗೆ ಕತ್ತಲು. ಹುಡುಗಿಯ ಮುಖ ಕಾಣದು, ಹರಕು ಲಂಗ ಕಾಣದು, ಸೊಪ್ಪಿನ ಹಾಲು ಮೆತ್ತಿದ ಬೆರಳೂ ಕಾಣದು. ದನಿ ಮಾತ್ರ. ಇನ್‌ಸ್ಪೆಕ್ಟರು ಗುಣಾಕಾರ ಕೇಳಿದರು, ಭಿನ್ನರಾಶಿ ಕೇಳಿದರು. ಸೊಪ್ಪು ಹರಡುತ್ತಲೇ ಉತ್ತರ ಬಂತು. ಪಠ್ಯಪುಸ್ತಕವನ್ನು ಬೆಳಕಿಗೆ ಹಿಡಿದು ದೂರದಿಂದ ಓದಿಸಿದರು. ಅಲ್ಲಿ ಹುಡುಗಿ ತಡವರಿಸಿದಳು, ಮಾತಿನ ಕೊನೆಯೆಲ್ಲ ತೆಲುಗಿನಂತೆ ಎಳೆಯಿತು. ಇನ್‌ಸ್ಪೆಕ್ಟರ ಹುಬ್ಬು ಗಂಟಾಯಿತು. ಇಷ್ಟಕ್ಕೇ ಮಕ್ಕಳನ್ನು ದಡ್ಡರೆಂದು ಬರೆದು ಹೋದವರನ್ನು ಮೇಷ್ಟ್ರು ಕಂಡಿದ್ದರು.

ಪುಸ್ತಕ ಮಡಚಿ ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ಒಳಗಿನ ಸದ್ದು ಕೇಳುತ್ತಾ ಕೂತರು.

"ಎಷ್ಟು ತಟ್ಟೆ ಹುಳ ಇದೆಯಮ್ಮ?"

"ಹದಿನೆಂಟು."

"ಒಂದು ಹೊತ್ತಿಗೆ ತಟ್ಟೆಗೆಷ್ಟು ಸೊಪ್ಪು?"

"ಅರ್ಧ ಮಂಕರಿ. ದಿನಕ್ಕೆ ನಾಕು ಹೊತ್ತು."

"ಹಾಗಾದ್ರೆ ಇವತ್ತಿಂದ ಐದು ದಿನಕ್ಕೆ ಎಷ್ಟು ಮಂಕರಿ ಬೇಕು?"

ಮೇಷ್ಟ್ರು ತಾವೇ ಮನಸ್ಸಿನಲ್ಲಿ ಲೆಕ್ಕ ಹಾಕಿದರು: ನೂರ ಎಂಬತ್ತು. ಹೇಳಮ್ಮ, ಹೇಳು ತಾಯಿ.

"ಸಾರ್, ಪುಸ್ತಕದ ಲೆಕ್ಕ ಹೇಳ್ಬೇಕಾ, ನಿಜ ಹೇಳ್ಬೇಕಾ?"

"ಅಂದ್ರೆ?"

"ಪುಸ್ತಕದ್ದಾದ್ರೆ ನೂರೆಂಬತ್ತು. ಆದ್ರೆ ಮೂರು ತಟ್ಟೆ ಇನ್ನೂ ಜ್ವರದಲ್ಲೇ ಅವೆ, ಇವತ್ತು ತಿನ್ನಲ್ಲ. ಆರು ಮಂಕರಿ ಕಮ್ಮಿ. ಮಿಕ್ಕ ಹದಿನೈದು ತಟ್ಟೆ ಐದನೇ ದಿನ ಹಣ್ಣಾಗಿ ಗೂಡು ಕಟ್ಟಕ್ಕೆ ಬರ್ತವೆ, ಅವತ್ತು ಅರ್ಧಾನೇ ತಿನ್ನೋದು. ಅದು ಹದಿನೈದು ಕಮ್ಮಿ. ನಾವು ಕೀಳೋದು ನೂರೈವತ್ತೊಂಬತ್ತು. ಜಾಸ್ತಿ ಕಿತ್ರೆ ಬಾಡಿ ಹೋಗ್ತದೆ, ಅಜ್ಜಿ ಬಯ್ತಾಳೆ."

ಇನ್‌ಸ್ಪೆಕ್ಟರು ಬೆರಳು ಮಡಚಿ ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ ಜಗುಲಿಯಿಂದ ಇಳಿದು, ಮೇಷ್ಟ್ರನ್ನು ಹುಣಿಸೇ ಮರದ ಕೆಳಗೆ ಕರೆದುಕೊಂಡು ಹೋಗಿ ಹಾಜರಿ ಪುಸ್ತಕ ಬಿಡಿಸಿದರು.

"ಇದರ ಪ್ರಕಾರ ಹುಡುಗಿಗೆ ಬೇಕಾದ್ದಕ್ಕಿಂತ ಜಾಸ್ತಿ ಹಾಜರಿ ಇದೆ. ಕಳಿಸಬಹುದು. ಈ ಪುಸ್ತಕ ನಿಜಾನೇನ್ರೀ?"

ಮೇಷ್ಟ್ರು ಪುಸ್ತಕವನ್ನೇ ನೋಡಿದರು. ನಿಜ ಎಂದರೆ ಹುಡುಗಿಗೆ ದಾರಿ. ಆದರೆ ಐದು ಮಕ್ಕಳ ಚಾಪೆಯನ್ನು ಕಣ್ಣಾರೆ ಕಂಡವರ ಮುಂದೆ ಆ ಸುಳ್ಳು ನಿಲ್ಲುವುದಿಲ್ಲ. ನಾಳೆ ಯಾರಾದರೂ ಅರ್ಜಿ ಗುಜರಾಯಿಸಿದರೆ ಪುಸ್ತಕದ ಜೊತೆ ಹುಡುಗಿಯೂ ಬೀಳುತ್ತಾಳೆ. ಸುಳ್ಳು ಎಂದರೆ ತಮ್ಮ ಕೆಲಸಕ್ಕೆ ಕುತ್ತು, ಷರತ್ತಿನ ಪ್ರಕಾರ ಹುಡುಗಿಗೂ ಬಾಗಿಲು ಬಂದ್. ಚಿಂತಾಮಣಿಯಲ್ಲಿ ಮುದುಕಿ ತಾಯಿ, ಮದುವೆಗೆ ಬಂದ ತಂಗಿ. ಎಲ್ಲರೂ ಕಣ್ಣೆದುರು ಬಂದು ನಿಂತರು.

"ಇಲ್ಲ ಸ್ವಾಮಿ," ಎಂದರು. ದನಿ ಅವರದೇ ಎಂದು ಅವರಿಗೇ ನಂಬಿಕೆ ಬರಲಿಲ್ಲ. "ನಾನೇ ಹಾಕಿದ್ದು. ಶಾಲೆ ಎತ್ತಿಬಿಡ್ತಾರೆ ಅನ್ನೋ ಭಯಕ್ಕೆ. ಪಟೇಲರ ಮಗನ ಹೆಸರು ಕಳಿಸಿದ್ದೂ ಭಯಕ್ಕೇ. ನನಗೇನಾದ್ರೂ ಮಾಡಿ. ಆ ಮಗು ಶಾಲೆಗೆ ಬಂದದ್ದು ಅರ್ಧ ವರ್ಷ, ಕಲಿತದ್ದು ಮಾತ್ರ ನೀವೇ ಕೇಳಿದ್ರಲ್ಲ."

ಇನ್‌ಸ್ಪೆಕ್ಟರು ಜೇಬಿನಿಂದ ಮೇಷ್ಟ್ರು ಕಳಿಸಿದ್ದ ಕಾಗದ ತೆಗೆದರು. ಅದರಲ್ಲಿ ಪಟೇಲರ ಮಗನ ಹೆಸರು ಹೊಡೆದುಹಾಕಿ, ಹುಡುಗಿಯ ಹೆಸರು ಬರೆದು, ಹಾಜರಿ ಅರ್ಧ ಎಂದೇ ನಮೂದಿಸಿ, ಕೆಳಗೆ ಸೇರಿಸಿದರು: ರೇಷ್ಮೆ ಬೆಳೆ ಕಾರಣ. ಖುದ್ದು ಪರೀಕ್ಷಿಸಿದ್ದೇನೆ. ವಿನಾಯಿತಿ ಕೊಡಬೇಕು.

"ಕೊಡ್ತಾರೋ ಬಿಡ್ತಾರೋ ಗೊತ್ತಿಲ್ಲ. ಆದ್ರೆ ಸುಳ್ಳು ಹಾಜರಿ ನಾನು ಬಿಡೋ ಹಂಗಿಲ್ಲ ಮೇಷ್ಟ್ರೇ, ತಿಳೀತಾ?"

"ತಿಳೀತು ಸ್ವಾಮಿ."

ಎರಡು ತಿಂಗಳು ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಪಟೇಲರು ಮಾತು ಬಿಟ್ಟರು. ಮಾರ್ಚಿನಲ್ಲಿ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದು, ಲಕ್ಷ್ಮೀನರಸಮ್ಮ ಚಿಕ್ಕಬಳ್ಳಾಪುರಕ್ಕೆ ಹೋಗಿ ಪರೀಕ್ಷೆಗೆ ಕೂರಬಹುದೆಂದು. ಇನ್ನೊಂದು, ಮೇಷ್ಟ್ರಿಗೆ ಒಂದು ವರ್ಷದ ಇನ್‌ಕ್ರಿಮೆಂಟು ಕಡಿತ, ಜೂನ್‌ನಿಂದ ಗೌರಿಬಿದನೂರು ತಾಲ್ಲೂಕಿನ ಕೊನೆಯ ಹಳ್ಳಿಗೆ ವರ್ಗ. ಕೆಲಸ ಉಳಿದಿತ್ತು. ಮೇಷ್ಟ್ರು ಗೋಡೆಗೆ ಒರಗಿ ಕೂತು ಚಿಕ್ಕ ಮಗುವಿನಂತೆ ಅತ್ತರು.

ಹುಡುಗಿ ಪರೀಕ್ಷೆ ಬರೆದಳು. ಮೇ ಕೊನೆಯಲ್ಲಿ ಬಂದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಹೊರಡುವ ದಿನ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಹುಡುಗಿ ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳ ಸೋದರಮಾವ. ಪೆದ್ದಮ್ಮ ಬಸ್ಸನ್ನು ನೋಡಲಿಲ್ಲ, ಮೇಷ್ಟ್ರನ್ನೇ ದುರುಗುಟ್ಟಿ ನೋಡಿದಳು.

"ನನ್ನ ಕಣ್ಣು ದಾಟಿ ಒಂದು ದಿನ ಹೋದೋಳಲ್ಲ. ಅಲ್ಲಿ ಕೂಸಿಗೇನಾದ್ರೂ ಆದ್ರೆ ನಾನು ಸರ್ಕಾರಾನ ಕೇಳಲ್ಲ, ಸಾಯೇಬರ್ನೂ ಕೇಳಲ್ಲ. ಗೌರಿಬಿದ್ನೂರಿಗೆ ನಡ್ಕೊಂಡ್ ಬಂದು ನಿನ್ನೇ ಕೇಳ್ತೀನಿ."

ಎಷ್ಟೋ ವರ್ಷದಿಂದ ಯಾವುದಕ್ಕೂ ತಾನು ಹೊಣೆಯಲ್ಲ ಎಂದು ಹೇಳಿಯೇ ಬದುಕಿದ್ದ ಬಾಯಿ ಮೇಷ್ಟ್ರದು.

"ಆಗ್ಲಿ ಪೆದ್ದಮ್ಮಾ," ಎಂದರು. "ನನ್ನೇ ಕೇಳು."