ಕಲ್ಲು ಒಗೆದ ಖಾರ

ಇದನ್ನು ಹೇಳಲು ನಾಚಿ ಇಷ್ಟು ವರ್ಷ ಮುಂದೂಡಿದೆ. ಸವಣೂರಿನ ನಮ್ಮ ಶಾಲೆಯಲ್ಲಿ ಹುಡುಗರು ಬಡಿದಾಡಿದಾಗಲೆಲ್ಲ ಹೆಡ್‌ಮಾಸ್ತರರು ಒಬ್ಬ ವೈದ್ಯರನ್ನು ಕರೆಸುತ್ತಿದ್ದರು. ಅವರು ನಾಡಿ ಹಿಡಿದು, ಕಣ್ಣು ಮುಚ್ಚಿ, “ಸಿಟ್ಟು ಹೊಟ್ಟ್ಯಾಗ ಹುಟ್ತದರಿ” ಎನ್ನುತ್ತಿದ್ದರು. ಮೂಗು ಒಡೆದರೂ ಅದೇ ಮಾತು, ಅಂಗಿ ಹರಿದರೂ ಅದೇ.

ಒಮ್ಮೆ ಗೋಲಿಯಾಟದಲ್ಲಿ ಸೋತ ಹೊಟ್ಟೆಕಿಚ್ಚಿಗೆ ನಾನು ಗೆಳೆಯನ ತಲೆಗೆ ಕಲ್ಲು ಒಗೆದೆ. ಶಾಲೆಯಿಂದ ಹೊರಹಾಕುವುದೊಂದೇ ಬಾಕಿ ಇತ್ತು. ವೈದ್ಯರು ನನ್ನ ನಾಲಿಗೆ ನೋಡಿ, “ಮುಂಜಾನೆ ಖಾರ ತಿಂದಿದ್ದೇನಪಾ?” ಎಂದರು.

ಶಾಲೆಯ ಬಾಗಿಲಲ್ಲಿ ಪೊಟ್ಟಣ ಕಟ್ಟಿ ಮಾರುವ ಕುರುಕಲು ತಿಂಡಿಗೆ ನಮ್ಮೂರಲ್ಲಿ ಖಾರ ಎನ್ನುತ್ತಾರೆ. ನಾನು ತಿಂದದ್ದು ರೊಟ್ಟಿ-ಮೊಸರು. “ಹೌದ್ರಿ, ಎರಡು ಪೊಟ್ಟಣ” ಎಂದೆ.

“ನೋಡ್ರಿ ಮಾಸ್ತರ! ಕಲ್ಲು ಒಗದದ್ದು ಖಾರ. ಹುಡುಗಂದೇನು ತಪ್ಪಿಲ್ಲ.”

ನಾನು ಶಾಲೆಯಲ್ಲಿ ಉಳಿದೆ. ಮರುದಿನ ಹೆಡ್‌ಮಾಸ್ತರರು ಶಾಲೆಯ ಬಾಗಿಲಲ್ಲಿ ಕೂತು ಖಾರ ಮಾರುತ್ತಿದ್ದ ಮುದುಕಿಯನ್ನು ಬುಟ್ಟಿಸಮೇತ ಎಬ್ಬಿಸಿ ಕಳಿಸಿದರು. “ನನ್ನ ಖಾರ ಏನ್ ಮಾಡೇತೋ ಯಪ್ಪಾ?” ಎಂದು ಆಕೆ ನನ್ನನ್ನೇ ಕೇಳಿದಳು. ನಾನು ಇಂದಿಗೂ ತಪ್ಪಾಯಿತೆಂದು ಹೇಳದಿರುವುದು ಆ ಖಾರದ ಮುದುಕಿಗೆ.